ಶಿಸ್ತು ಸಮಿತಿಯ ಆರನೆಯ ಕುರ್ಚಿ

ಬೆಳಿಗ್ಗೆ ಹತ್ತಕ್ಕೆ ಜವಾನ ವಿಶ್ವವಿದ್ಯಾಲಯದ ಶಿಸ್ತು ಸಮಿತಿಯ ಕೋಣೆಯ ಬೀಗ ತೆಗೆದು, ಉದ್ದನೆಯ ಮೇಜು ಒರೆಸಿ, ಕುರ್ಚಿಗಳನ್ನು ಜೋಡಿಸಿದ. ಇಪ್ಪತ್ತೆರಡು ವರ್ಷಗಳಿಂದ ನಾಲ್ಕೇ ಕುರ್ಚಿ, ಇವತ್ತು ಐದು. ಐದನೆಯದನ್ನು ಎರಡೆರಡು ಸಲ ಒರೆಸಿದ. ಹೊಸ ನಿಯಮದಂತೆ ಸಮಿತಿಯಲ್ಲಿ ವಿದ್ಯಾರ್ಥಿಗಳ ಪ್ರತಿನಿಧಿಯೊಬ್ಬರು ಇರಬೇಕು, ಮಕ್ಕಳೆಲ್ಲ ಸೇರಿ ಆರಿಸಿದ್ದು ಅವನ ಮಗಳನ್ನೇ. ಎದೆ ಉಬ್ಬದೆ ಇರುತ್ತದೆಯೇ! ಆರೋಪ ಹೊತ್ತು ಬಂದವರಿಗೆ ಮಾತ್ರ ಆ ಕೋಣೆಯಲ್ಲಿ ಎಂದೂ ಕುರ್ಚಿ ಇರಲಿಲ್ಲ. ಅವರು ನಿಂತೇ ಉತ್ತರಿಸಬೇಕು.

ಆಮೇಲೆ ಎಂದಿನಂತೆ ಟೈಪಿಸ್ಟ್ ಹತ್ತಿರ ಫೈಲು ಇಸಿದುಕೊಂಡು ಹೋಗಿ ಅಧ್ಯಕ್ಷರ ಸಹಿ ಹಾಕಿಸಿಕೊಂಡು ಬಂದ. ವಿಚಾರಣೆ ಹನ್ನೊಂದಕ್ಕೆ, ಶಿಕ್ಷೆಯ ಆದೇಶ ಹತ್ತೂವರೆಗೇ ತಯಾರು. ಮದುವೆ ಮುಗಿಸಿ ಹೆಣ್ಣು ನೋಡಲು ಹೊರಡುವವರನ್ನು ಯಾರಾದರೂ ಕಂಡಿದ್ದೀರಾ? ಅಲ್ಲಿ ಅದೇ ಪದ್ಧತಿ.

ಹೊರಗೆ ಮಗಳು ಸಿಕ್ಕಳು. "ಅಪ್ಪ, ಇವತ್ತಿನ ಹುಡುಗನ್ನ ನೋಡಿದ್ರಾ?"

"ಪಾಪ, ಎರಡನೇ ವರ್ಷದವನು. ಪರೀಕ್ಷೇಲಿ ಅವನ ಮೇಜಿನ ಕೆಳಗೆ ಚೀಟಿ ಸಿಕ್ತಂತೆ. ಒಂದು ವರ್ಷ ಡಿಬಾರ್."

"ವಿಚಾರಣೇನೇ ಆಗಿಲ್ಲ, ಡಿಬಾರ್ ಅಂತ ನಿಮಗೆ ಹೇಗೆ ಗೊತ್ತು?"

ಜವಾನ ನಾಲಿಗೆ ಕಚ್ಚಿಕೊಂಡ. ಮಗಳು ಬಿಡಲಿಲ್ಲ, ಹೇಳಲೇಬೇಕಾಯಿತು. "ಬಡವಾ, ನೀ ಮಡಗಿದ ಹಾಗಿರು ಅಂತಾರೆ. ನನಗಿನ್ನೂ ಮೂರು ವರ್ಷ ನೌಕರಿ ಇದೆ ಕಣಮ್ಮ," ಎಂದು ಬೇಡಿಕೊಂಡ.

ಹನ್ನೊಂದಕ್ಕೆ ಹುಡುಗ ಬಂದು ಮೇಜಿನೆದುರು ನಿಂತ. "ಆ ಚೀಟಿ ನಂದಲ್ಲ ಸಾರ್. ಅಕ್ಷರ ನೋಡಿದ್ರೆ ಗೊತ್ತಾಗುತ್ತೆ."

"ಎಲ್ಲರೂ ಹೇಳೋದು ಹೀಗೇ," ಎಂದರು ಅಧ್ಯಕ್ಷರು.

"ಇವನ ಉತ್ತರಪತ್ರಿಕೆ ಜೊತೆ ಹೋಲಿಸಿ ನೋಡಿದ್ದೀವಾ ಸಾರ್?" ಮಗಳು ಕೇಳಿದಳು.

"ನೋಡಮ್ಮ, ಈ ತಿಂಗಳು ನಲವತ್ತು ಕೇಸು. ಪ್ರತಿಯೊಂದಕ್ಕೂ ಹೀಗೆ ಕೂತ್ರೆ ಫಲಿತಾಂಶ ಕೊಡೋದು ಯಾವಾಗ? ಬಿಗಿ ಇಲ್ಲದಿದ್ರೆ ನಿಯತ್ತಾಗಿ ಓದೋ ಮಕ್ಕಳಿಗೆ ಅನ್ಯಾಯ ಆಗಲ್ವಾ?"

ಆ ಮಾತೂ ಸುಳ್ಳಲ್ಲ. "ಆಗುತ್ತೆ ಸಾರ್," ಎಂದಳು ಅವಳು. "ಆದ್ರೆ ಆದೇಶಕ್ಕೆ ಆಗಲೇ ಸಹಿ ಆಗಿದ್ರೆ ಇವನನ್ನ ಕರೆಸಿದ್ದಾದ್ರೂ ಯಾಕೆ?"

ಅಧ್ಯಕ್ಷರ ಮುಖ ಕೆಂಪಾಯಿತು. "ಸಹಿ ಆಗಿದೆ ಅಂತ ಯಾರು ಹೇಳಿದ್ದು?"

ಮಗಳು ಅಪ್ಪ ನಿಂತಿದ್ದ ಬಾಗಿಲಿನತ್ತ ಒಂದು ಸಲವೂ ತಿರುಗಿ ನೋಡಲಿಲ್ಲ.

"ಆಧಾರ ಇಲ್ಲದೆ ಸಮಿತಿ ಮೇಲೆ ಆರೋಪ ಹೊರಿಸಿದ್ರೆ ನಾಳೆ ನಿನ್ನನ್ನೂ ಅಲ್ಲೇ ನಿಲ್ಲಿಸಬೇಕಾಗುತ್ತೆ," ಎಂದು ಅಧ್ಯಕ್ಷರು ಹುಡುಗ ನಿಂತಿದ್ದ ಜಾಗ ತೋರಿಸಿದರು.

ಜವಾನ ಕೈಯಲ್ಲಿದ್ದ ನೀರಿನ ಲೋಟಗಳ ತಟ್ಟೆಯನ್ನು ಮೇಜಿನ ಮೇಲಿಟ್ಟು ಮುಂದೆ ಬಂದ.

"ನಾನು ಹೇಳಿದ್ದು ಸಾರ್. ಹತ್ತೂವರೆಗೆ ತಾವೇ ಸಹಿ ಹಾಕಿದ್ರಿ, ಫೈಲು ಹಿಡಿದು ನಿಂತಿದ್ದವನು ನಾನೇ. ಇಪ್ಪತ್ತೆರಡು ವರ್ಷದಿಂದ ನಾನೇ ಹಿಡಿದು ನಿಂತಿದೀನಿ. ಒಂದು ದಿನಾನೂ ಬಾಯಿ ಬಿಡಲಿಲ್ಲ, ಅದು ನನ್ನ ತಪ್ಪು."

ಅಧ್ಯಕ್ಷರು ಮನುಷ್ಯ ಕೆಟ್ಟವರಲ್ಲ, ಅವಸರವೇ ಅಭ್ಯಾಸವಾಗಿಹೋಗಿತ್ತು. ಫೈಲಿನ ಅಡಿಯಿಂದ ಆದೇಶವನ್ನು ಎಳೆದು ಬಹಳ ಹೊತ್ತು ನೋಡಿದರು. ಆಮೇಲೆ ಅದರ ಮೇಲೆ ಅಡ್ಡಗೆರೆ ಎಳೆದು, "ಇವನ ಉತ್ತರಪತ್ರಿಕೆ ತರಿಸಿ," ಎಂದರು.

ಪತ್ರಿಕೆ ಬರಲು ಅರ್ಧ ಗಂಟೆ ಬೇಕು. ಹುಡುಗ ಇನ್ನೂ ನಿಂತೇ ಇದ್ದ. ಜವಾನ ಯಾರನ್ನೂ ಕೇಳದೆ ಪಕ್ಕದ ಕೋಣೆಯಿಂದ ಕುರ್ಚಿಯೊಂದನ್ನು ತಂದು, ಹೆಗಲ ಬಟ್ಟೆಯಿಂದ ಒರೆಸಿ ಇಟ್ಟ. ಹುಡುಗ ಅಧ್ಯಕ್ಷರ ಮುಖ ನೋಡಿದ.

"ಕೂತ್ಕೊಳ್ಳಪ್ಪ," ಎಂದರು ಅವರು.

ಅಕ್ಷರ ತಾಳೆಯಾಗಲಿಲ್ಲ. ಕೇಸು ಬಿದ್ದುಹೋಯಿತು. ಇನ್ನು ಮುಂದೆ ವಿಚಾರಣೆಗೆ ಮೊದಲು ಆದೇಶ ಟೈಪು ಮಾಡಕೂಡದೆಂದು ಅಧ್ಯಕ್ಷರೇ ಸ್ವಂತ ಕೈಯಿಂದ ಬರೆದು ಕಳಿಸಿದರು.

ಸಂಜೆ ಮೆಟ್ಟಿಲಿಳಿಯುವಾಗ ಮಗಳು, "ಮೂರು ವರ್ಷ ನೌಕರಿ ಇದೆ ಅಂತಿದ್ರಲ್ಲ ಅಪ್ಪ?" ಎಂದು ಕೆಣಕಿದಳು.

"ಇದೆಯಲ್ಲ! ನಿನ್ನಿಂದ ಇನ್ಮೇಲೆ ಆರು ಕುರ್ಚಿ ಒರೆಸೋ ಹಾಗಾಯ್ತು, ಅಷ್ಟೇ."

ಕೆಳಗೆ ಕಾಯುತ್ತಿದ್ದ ಹುಡುಗ ಅವಳ ಹತ್ತಿರ ಬಂದು, "ಕುರ್ಚಿ ತಂದ್ರಲ್ಲ, ಇವರು ಯಾರಕ್ಕಾ?" ಎಂದು ಮೆಲ್ಲಗೆ ಕೇಳಿದ.

"ನಮ್ಮಪ್ಪ!" ಎಂದಳು ಅವಳು, ಮೇಲಿನ ಮಹಡಿಗೂ ಕೇಳಿಸುವ ಹಾಗೆ.