ಜಯದೇವಿ ಕೂರಿಸಿದ ಮಿಲಾನ್

"ಚರ್ಚು ಅಲ್ಲಿ ಬರಲ್ಲ ಕಣೇ, ಈ ಕಡೆ ತಿರುಗಿಸು. ಅದರ ಮುಂದೆ ದೊಡ್ಡ ಮೈದಾನ ಬಿಡ್ಬೇಕು. ಪಾರಿವಾಳ ಎಲ್ಲಿ ಕೂತ್ಕೋಬೇಕು ಮತ್ತೆ?"

ಪುರುಷೋತ್ತಮ ಒಂದೇ ಉಸಿರಿಗೆ ಇಷ್ಟು ಮಾತಾಡಿದ್ದು ಕೇಳಿ ಥರ್ಮೋಕೋಲು ಹಿಡಿದಿದ್ದ ಜಯದೇವಿಯ ಕೈ ಹಾಗೇ ನಿಂತಿತು. ಗಂಡ ಫಾರಿನ್ನಿನಿಂದ ಬಂದು ಎರಡು ತಿಂಗಳಾಗಿತ್ತು. ಈ ಎರಡು ತಿಂಗಳಲ್ಲಿ ಅವನ ಬಾಯಿಂದ ಬಂದದ್ದನ್ನೆಲ್ಲ ಸೇರಿಸಿದರೂ ಒಂದು ಪೋಸ್ಟ್ ಕಾರ್ಡು ತುಂಬುತ್ತಿರಲಿಲ್ಲ. ಅನ್ನ ಹಾಕಲಾ ಅಂದರೆ ಹೂಂ. ಸಾಕಾ ಅಂದರೂ ಹೂಂ.

ರಾಜಾಜಿನಗರದ ಕಾರ್ಖಾನೆಗೆ ಹೊಸ ಗ್ರೈಂಡಿಂಗ್ ಮಷೀನು ಬರುವುದಿತ್ತು. ಅದರ ಕೆಲಸ ಕಲಿತು ಬಾ ಎಂದು ಕಂಪನಿಯವರು ಅವನೊಬ್ಬನನ್ನೇ ಇಟಲಿಯ ಮಿಲಾನಿಗೆ ಕಳಿಸಿದ್ದರು. ಹೋಗುವ ಮುಂಚೆ ಎಂಥ ವಾಚಾಳಿ! ಬಸ್ಸಿನಲ್ಲಿ ಕಂಡಕ್ಟರನ ಜತೆ ಆಡಿದ ಜಗಳವನ್ನೂ ಹೆಂಡತಿಯ ಮುಂದೆ ಆಕ್ಟ್ ಮಾಡಿ ತೋರಿಸುತ್ತಿದ್ದ ಮನುಷ್ಯ. ಬರುವಾಗ ಬಾಯಿಗೆ ಬೀಗ ಹಾಕಿಕೊಂಡು ಬಂದಿದ್ದ. ಮಕ್ಕಳಿಲ್ಲದ ಮನೆ, ಇರುವ ಒಬ್ಬನೂ ಮಾತು ಬಿಟ್ಟರೆ ಹೆಂಗಸು ಗೋಡೆಯ ಜತೆ ಮಾತಾಡಬೇಕೇ? ಅವನು ದೂರವಿದ್ದ ಮೂರು ತಿಂಗಳು ಜಯದೇವಿ ರೇಡಿಯೋ ಹಾಕಿಕೊಂಡು ಒಬ್ಬಳೇ ಉಂಡಿದ್ದಳು. ಬರ್ತಾರಲ್ಲ ಅನ್ನುವ ಒಂದು ಧೈರ್ಯವಿತ್ತು ಆಗ. ಬಂದ ಮೇಲಿನ ಒಂಟಿತನಕ್ಕೆ ಆ ಧೈರ್ಯವೂ ಇರಲಿಲ್ಲ.

ಅದಕ್ಕೇ ಅವಳಿಗೆ ಈ ಉಪಾಯ ಹೊಳೆದದ್ದು. ಬಸವೇಶ್ವರನಗರದ ಅವರ ಬೀದಿಯಲ್ಲಿ ನವರಾತ್ರಿಗೆ ಗೊಂಬೆ ಕೂರಿಸದ ಮನೆಯೇ ಕಡಿಮೆ. ಮೇಲಿನ ಮೆಟ್ಟಿಲುಗಳಲ್ಲಿ ಪಟ್ಟದ ಗೊಂಬೆ, ದೇವರುಗಳು. ಕೆಳಗೆ ನೆಲದ ಮೇಲೆ ಒಬ್ಬೊಬ್ಬರದು ಒಂದೊಂದು ಪಾರ್ಕು. ಚಾಮುಂಡಿ ಬೆಟ್ಟವೋ, ಅರಮನೆಯೋ, ಮದುವೆಮನೆಯೋ. ಜಯದೇವಿ ಈ ಸಲ ನೆಲದ ಮೇಲೆ ಮಿಲಾನ್ ಮಾಡುತ್ತೇನೆಂದು ಹೊರಟಳು.

"ಊರಿಗೆಲ್ಲ ಒಂದು ದಾರಿಯಾದ್ರೆ ಎಡವಟ್ಟನಿಗೊಂದು ದಾರಿ ಅಂದ್ಹಂಗಾಯ್ತು," ಎಂದು ಪಕ್ಕದ ಮನೆಯ ಅಂಜನಮ್ಮ ನಕ್ಕಿದ್ದರು. "ನೀನೇನು ಕಂಡಿದೀಯಾ ಆ ಊರ್ನ?"

"ನಾನು ಕಾಣ್ದಿದ್ರೇನು, ಕಂಡೋರು ಮನೇಲೇ ಇದಾರಲ್ಲ ಅಂಜನಮ್ಮನೋರೆ."

ಉಪಾಯ ಫಲಿಸಿತು. ಅವಳು ಬೇಕೆಂದೇ ಚರ್ಚನ್ನು ತಪ್ಪಾಗಿಟ್ಟರೆ ಅವನು ಪೇಪರ್ ಕೆಳಗಿಟ್ಟು ಬರುತ್ತಿದ್ದ. ಚರ್ಚಿನ ತಲೆಯ ಮೇಲೆ ನೂರಾರು ಗೋಪುರಗಳಂತೆ, ಒಂದೊಂದರ ತುದಿಯಲ್ಲಿ ಒಬ್ಬೊಬ್ಬ ಸಾಧು ನಿಂತಿದ್ದಾನಂತೆ, ಚಾವಣಿಯ ಮೇಲೆ ಜನ ಹತ್ತಿ ಓಡಾಡುತ್ತಾರಂತೆ. ಊದಿನಕಡ್ಡಿಗಳಿಗೆ ಬೇಗಡೆ ಸುತ್ತಿ ಇಬ್ಬರೂ ಗೋಪುರ ಚುಚ್ಚಿದರು. ಬೆಂಕಿಪೊಟ್ಟಣಗಳಿಗೆ ಕಿತ್ತಳೆ ಬಣ್ಣ ಬಳಿದು ಟ್ರಾಮು ಮಾಡಿದರು. ಚರ್ಚಿನ ಎಡಗಡೆಗೆ ಗಾಜಿನ ಚಾವಣಿಯ ಬಜಾರು. ಅದಕ್ಕೆ ತಂತಿ ಬಗ್ಗಿಸಿ ಬಣ್ಣದ ಕಾಗದದಂಗಡಿಯಿಂದ ತಂದ ಜಿಲೇಟಿನ್ ಹಾಳೆ ಹೊದಿಸಿದರು. ಅಂಗಡಿಯಲ್ಲಿ ಕೂರಿಸಲು ಬೇರೆ ಗೊಂಬೆ ಇಲ್ಲದೆ ಅವಳು ಅಕ್ಕಿಬೇಳೆ ಹರವಿಕೊಂಡು ಕೂತ ಶೆಟ್ಟಿ-ಶೆಟ್ಟಮ್ಮರನ್ನೇ ಅಲ್ಲಿಟ್ಟಾಗ ಪುರುಷೋತ್ತಮ ಹೊಟ್ಟೆ ಹಿಡಿದುಕೊಂಡು ನಕ್ಕ.

"ಅಲ್ಲಿ ಒಂದು ಜತೆ ಷೂ ಬೆಲೆಗೆ ನಿನ್ನ ಶೆಟ್ಟಿ ಇಡೀ ಅಂಗಡೀನೇ ಮಾರ್ಬೇಕು ಕಣೇ! ಬಟ್ಟೆ ಅಂಗಡಿ ಗಾಜಿನೊಳಗೆ ಒಂದೇ ಒಂದು ಕೋಟು ಇಟ್ಟಿರ್ತಾರೆ. ಪಕ್ಕದಲ್ಲಿ ಏನೂ ಇರಲ್ಲ. ದೇವರ ಥರಾ ಅದೊಂದೇ."

ಅವನ ನಗು ಕೇಳಿ ಜಯದೇವಿಗೆ ಎಷ್ಟು ಸಂತೋಷವಾಯಿತೆಂದರೆ, ಒಳಗೆ ಹೋಗಿ ಸುಮ್ಮನೆ ಒಂದು ಲೋಟ ನೀರು ಕುಡಿದು ಬಂದಳು. ತಾಯಿ ಚಾಮುಂಡಿ, ಇವರ ಮಾತು ಹೀಗೇ ಇರಲಿ, ಇನ್ನೇನೂ ಬೇಡ ನಂಗೆ ಎಂದು ಬೇಡಿಕೊಂಡಳು.

ಮೈದಾನದ ಅಂಚಿನಲ್ಲಿ ಕಾಫಿ ಹೋಟೆಲು ಬರಬೇಕೆಂದು ಅವನೇ ಹೇಳಿದ. ನೂಲಿನ ಉಂಡೆ ಮುಗಿದು ಉಳಿದ ರಟ್ಟಿನ ಕೊಳವೆಗಳು ಮೇಜುಗಳಾದವು. ಕೋಟು ತೊಟ್ಟ ಮಣ್ಣಿನ ಗೊಂಬೆಯೊಂದಿತ್ತು, ಮೂಗು ಸ್ವಲ್ಪ ಕಿತ್ತುಹೋಗಿತ್ತು. ಅದನ್ನು ಮೇಜಿನ ಮುಂದೆ ಕೂರಿಸಿ ಅವಳು, "ಇದು ನೀವು," ಎಂದಳು. ಅವನು ಬೇಡವೆನ್ನಲಿಲ್ಲ.

ಮಾರನೆಯ ಬೆಳಿಗ್ಗೆ ನೋಡಿದರೆ ಕೋಟಿನ ಗೊಂಬೆಯ ಎದುರಿಗೆ ಇನ್ನೊಂದು ಗೊಂಬೆ ಕೂತಿತ್ತು. ಎಗ್ಸಿಬಿಷನ್ನಿನಲ್ಲಿ ಕೊಂಡಿದ್ದ, ಫ್ರಾಕು ತೊಟ್ಟ ಪಿಂಗಾಣಿ ಹೆಣ್ಣು. ಚರ್ಚಿಗೆ ಅಡ್ಡವಾಗುತ್ತದೆಂದು ಅವಳು ಅದನ್ನು ತೆಗೆದು ಕೊನೆಯ ಮೆಟ್ಟಿಲಿಗೆ ಇಟ್ಟಳು. ಸಾಯಂಕಾಲ ಅವನು ಕಾರ್ಖಾನೆಯಿಂದ ಬಂದು ಕೈಕಾಲು ತೊಳೆದುಕೊಂಡ. ಅವಳು ಕಾಫಿ ತರುವಷ್ಟರಲ್ಲಿ ಫ್ರಾಕಿನವಳು ಮತ್ತೆ ಮೇಜಿನ ಮುಂದಿದ್ದಳು. ಒಬ್ಬನೇ ಕೂತರೆ ಬೋಳುಬೋಳಾಗಿ ಕಾಣುತ್ತದೇನೋ, ಇರಲಿ ಬಿಡು ಎಂದುಕೊಂಡಳು ಜಯದೇವಿ.

ಸರಸ್ವತಿ ಪೂಜೆಯ ದಿನ ಬೀದಿಯ ಹೆಂಗಸರೆಲ್ಲ ಬಂದರು. ಪುರುಷೋತ್ತಮ ರಜೆ ಹಾಕಿ ಕೂತಿದ್ದ. ಒಂದು ಕಡ್ಡಿ ಹಿಡಿದುಕೊಂಡು ಗೈಡಿನ ಹಾಗೆ ಊರು ತೋರಿಸಿದ್ದೇ ತೋರಿಸಿದ್ದು.

"ಈ ಗಾಜಿನ ಬಜಾರಲ್ಲಿ ನೆಲದ ಮೇಲೆ ಒಂದು ಗೂಳಿ ಚಿತ್ರ ಇದೆ. ಅದರ ಮೇಲೆ ಹಿಮ್ಮಡಿ ಊರಿ ಮೂರು ಸುತ್ತು ತಿರುಗಿದ್ರೆ ಅದೃಷ್ಟ ಬರುತ್ತಂತೆ."

"ಅಯ್ಯೋ ಶಿವನೇ, ಬಸವಣ್ಣನ ಮೇಲೆ ಕಾಲಿಡೋದಾ!" ಅಂಜನಮ್ಮ ಕೆನ್ನೆ ಕೆನ್ನೆ ಬಡಿದುಕೊಂಡರು. "ನೀವೂ ಇಟ್ರಾ?"

"ಇಲ್ಲ ಅಮ್ಮ, ನಾನು ಕೈಮುಗಿದು ಬಂದೆ. ಜನ ಎಲ್ಲಾ ನಕ್ಬಿಟ್ರು."

ಹೆಂಗಸರು ಬಿದ್ದುಬಿದ್ದು ನಕ್ಕರು. ಯಾರೋ ಶಾಪಿಂಗ್ ಏನು ಮಾಡಿದ್ರಿ ಎಂದು ಕೇಳಿದರು. ಮನೆಯವಳಿಗೆ ಒಂದು ರೇಷ್ಮೆ ಸ್ಕಾರ್ಫಿಗಾಗಿ ಅರ್ಧ ದಿನ ಅಂಗಡಿ ಅಂಗಡಿ ಸುತ್ತಿದೆ ಎಂದ. ಜಯದೇವಿ ಕುಂಕುಮದ ತಟ್ಟೆ ಹಿಡಿದುಕೊಂಡೇ ತಿರುಗಿ ನೋಡಿದಳು. ಸ್ಕಾರ್ಫೇನೋ ಬಂದಿತ್ತು. ಆದರೆ ಚಿಕ್ಕಪೇಟೆಯಲ್ಲಿ ಸೀರೆ ಅಂಗಡಿಯ ಮೆಟ್ಟಿಲನ್ನೂ ಹತ್ತದೆ, ಬೀದಿಯಲ್ಲಿ ನಿಂತು ಆಕಳಿಸುವ ಪ್ರಾಣಿ ಇದು.

"ಇಲ್ಲಿ ಕೂತು ಕಾಫಿ ಕುಡಿದ್ರೆ ಒಂದು ರೇಟು, ನಿಂತು ಕುಡಿದ್ರೆ ಒಂದು ರೇಟು," ಎನ್ನುತ್ತ ಅವನು ಹೋಟೆಲಿಗೆ ಬಂದ. "ಕೂತ್ರೆ ಜಾಸ್ತಿ. ಆದ್ರೆ ಇಲ್ಲಿ ಕೂತು ನೋಡ್ಬೇಕು ನೀವು. ಸಾಯಂಕಾಲ ಬಿಸಿಲು ಬಿದ್ದಾಗ ಚರ್ಚಿನ ಕಲ್ಲು ಗುಲಾಬಿ ಬಣ್ಣಕ್ಕೆ ತಿರುಗುತ್ತೆ."

ಹೇಳುತ್ತ ಹೇಳುತ್ತ ಅವನು ಬಗ್ಗಿದ. ಮಕ್ಕಳ ಕೈ ತಗುಲಿ ಫ್ರಾಕಿನ ಗೊಂಬೆ ಸ್ವಲ್ಪ ಆಚೆ ಹೊರಳಿತ್ತು. ಒಂದು ಬೆರಳಿನಿಂದ ಅದರ ಗಲ್ಲ ಮುಟ್ಟಿ, ಕೋಟಿನ ಗೊಂಬೆಯ ಕಡೆಗೆ ಮೆಲ್ಲಗೆ ತಿರುಗಿಸಿದ. ಅಷ್ಟೇ. ಬೇರೆ ಯಾರೂ ಗಮನಿಸಲಿಲ್ಲ.

ಜಯದೇವಿಗೆ ಆ ಬೆರಳು ಗೊತ್ತಿತ್ತು. ಮದುವೆಯಾದ ಹೊಸದರಲ್ಲಿ ಅದೇ ಬೆರಳು ಅವಳ ಗಲ್ಲವನ್ನೂ ಹಾಗೇ ತಿರುಗಿಸಿತ್ತು. ಗಂಡ ಬಾಯಿ ಬಿಟ್ಟದ್ದು ತನಗಾಗಿಯಲ್ಲ, ಊರಿನ ನೆನಪಿಗಾಗಿಯೂ ಅಲ್ಲ ಎಂದು ಅವಳಿಗೆ ಒಂದೇ ಏಟಿಗೆ ತಿಳಿಯಿತು. ಆದರೂ ಎಲ್ಲರಿಗೂ ಅರಿಶಿನ ಕುಂಕುಮ ಕೊಟ್ಟಳು, ಉಸ್ಲಿಯ ಪೊಟ್ಟಣ ಕೊಟ್ಟಳು, ಗೇಟಿನವರೆಗೂ ಹೋಗಿ ಬೀಳ್ಕೊಟ್ಟಳು.

"ನಿನ್ನ ಯಜಮಾನ್ರ ಮಾತು ಕೇಳ್ತಿದ್ರೆ ಹೊತ್ತು ಹೋಗಿದ್ದೇ ಗೊತ್ತಾಗಲ್ಲ ಬಿಡು," ಎಂದರು ಅಂಜನಮ್ಮ. "ಪುಣ್ಯ ಮಾಡಿದೀಯಾ."

ವಾಪಸು ಬಂದರೆ ಅವನು ಇನ್ನೂ ಅಲ್ಲೇ ಚಕ್ಕಳಮಕ್ಕಳ ಹಾಕಿಕೊಂಡು ಕೂತಿದ್ದ. ಟ್ರಾಮನ್ನು ಸರಿಮಾಡುತ್ತಿದ್ದ. ಜಯದೇವಿ ಬಾಗಿಲಲ್ಲೇ ನಿಂತಳು. ಕೇಳಿದರೆ ಈ ಮಾತೂ ನಿಂತುಹೋಗುತ್ತದೆ, ಮತ್ತೆ ಹೂಂ, ಉಹೂಂ. ಕೇಳದಿದ್ದರೆ ಹಬ್ಬ ಮುಗಿಯುವವರೆಗಾದರೂ ಮನೆಯಲ್ಲಿ ಒಂದು ಗಂಡಸಿನ ದನಿ ಇರುತ್ತದೆ. ಯಾವುದು ಬೇಕು ನಿನಗೆ ಎಂದು ತನ್ನನ್ನೇ ಕೇಳಿಕೊಂಡಳು. ದೀಪಕ್ಕೆ ಎಣ್ಣೆ ಹಾಕಿದಳು. ಬತ್ತಿ ಮುಂದೆ ತಳ್ಳಿದಳು. ಇನ್ನು ಮಾಡಲು ಕೆಲಸವೇನೂ ಉಳಿಯಲಿಲ್ಲ.

"ರೀ," ಎಂದಳು. "ಅವಳ ಹೆಸರೇನು?"

"ಲೀಡಿಯಾ," ಎಂದ ಪುರುಷೋತ್ತಮ.

ಯಾರ ಹೆಸರು ಎಂದು ಅವನು ಕೇಳಲಿಲ್ಲ. ಟ್ರಾಮು ಹಿಡಿದ ಕೈ ನಿಂತಿತು. ತಲೆಯೆತ್ತಿ ಹೆಂಡತಿಯನ್ನು ನೋಡಿದ. ಅವನ ಕಣ್ಣು ತುಂಬಿಕೊಂಡಿತು. ಅವಳು ಅಳಲಿಲ್ಲ, ಬಯ್ಯಲೂ ಇಲ್ಲ. ಅಲ್ಲೇ ಗೋಡೆಗೆ ಒರಗಿ ಕೂತಳು.

"ಫ್ಯಾಕ್ಟರಿ ಕ್ಯಾಂಟೀನಲ್ಲಿ ಇದ್ಲು," ಎಂದು ಶುರುಮಾಡಿದ ಅವನು. "ಮೊದಲ್ನೇ ದಿನ ನಂಗೆ ತಿನ್ನೋಕೆ ಏನೂ ಇಲ್ಲ ಅಂತ ಗೊತ್ತಾಗಿ, ಅವಳೇ ಅನ್ನ ಮಾಡಿಸಿ ತಂದ್ಲು ಕಣೇ..."

ಮಾತು ನಿಲ್ಲಲಿಲ್ಲ. ಅವಳು ಹೆದರಿದ್ದಂತೆ ಏನೂ ಆಗಲಿಲ್ಲ. ಎರಡು ತಿಂಗಳಿಂದ ಕಟ್ಟಿಟ್ಟದ್ದೆಲ್ಲ ಹೊರಗೆ ಬರತೊಡಗಿತು. ಬಾಯಿಗೆ ಬಂದ ಹಾಗೆ, ಮುಂದಿನದು ಹಿಂದೆ ಹಿಂದಿನದು ಮುಂದೆ ಮಾಡಿಕೊಂಡು, ಮೊದಲಿನ ಹಾಗೇ ಕೈ ತಿರುಗಿಸಿ ಆಕ್ಟ್ ಮಾಡುತ್ತ ಅವನು ಹೇಳುತ್ತಲೇ ಇದ್ದ. ಜಯದೇವಿ ನಡುನಡುವೆ ಹೂಂ ಅನ್ನುತ್ತಿದ್ದಳು.

ಹೊರಗೆ ಗೇಟಿನ ಚಿಲಕದ ಸದ್ದಾಯಿತು. "ಆಂಟೀ, ಗೊಂಬೆ ಕೂರ್ಸಿದೀರಾ?" ಎಂದು ಹುಡುಗಿಯರ ಒಂದು ಗುಂಪು ಒಟ್ಟಿಗೆ ಕೂಗಿತು. ಸ್ವಲ್ಪ ಹೊತ್ತು ಕಾದು ಮತ್ತೊಮ್ಮೆ ಕೂಗಿತು. ಆಮೇಲೆ ಪಕ್ಕದ ಮನೆಯ ಕಡೆಗೆ ಹೋದ ಚಪ್ಪಲಿಗಳ ಸದ್ದು ಕೇಳಿಸಿತು.