ಮೂರನೆಯ ಫಲಕದ ತಾರೀಖು

ವೀಕ್ಷಣಾಲಯದಲ್ಲಿ ಲೆಕ್ಕದಕ್ಕನ ಲೆಕ್ಕ ತಪ್ಪಿದ್ದನ್ನು ಕಂಡವರಿಲ್ಲ. ಆಕಾಶದಲ್ಲಿ ಅಲೆಯುವ ಚಿಲ್ಲರೆ ಕಲ್ಲುಗಳ ದಾರಿಯನ್ನು ಇಪ್ಪತ್ತೆರಡು ವರ್ಷದಿಂದ ಹಾಳೆಗಿಳಿಸಿದ ಹೆಂಗಸು. ಅಂಥವಳಿಗೇ ಎರಡು ದಿನದಿಂದ ಒಂದು ಕಲ್ಲು ನೀರು ಕುಡಿಸುತ್ತಿತ್ತು. ಅದೂ ಯಾರ ಕಲ್ಲು? ಒಡಹುಟ್ಟಿದ ತಮ್ಮನದು!

ದೂರದರ್ಶಕದಲ್ಲಿ ಚಿತ್ರ ತೆಗೆಯುವುದು ತಮ್ಮನ ಕೆಲಸ. ಎರಡು ವಾರದ ಹಿಂದೆ ಮೂರು ರಾತ್ರಿ ತೆಗೆದ ಮೂರು ಗಾಜಿನ ಫಲಕಗಳಲ್ಲಿ, ನಕ್ಷತ್ರಗಳ ನಡುವೆ ಜಾಗ ಬದಲಿಸುತ್ತಿದ್ದ ಚುಕ್ಕೆಯೊಂದು ಅವನ ಕಣ್ಣಿಗೆ ಬಿದ್ದಿತ್ತು. ಯಾವ ಪಟ್ಟಿಯಲ್ಲೂ ಇಲ್ಲದ ಕ್ಷುದ್ರಗ್ರಹ. ಅವನ ಹತ್ತು ವರ್ಷದ ದುಡಿಮೆಯಲ್ಲಿ ಮೊದಲ ಶೋಧ. ಆದರೆ ಇನ್ನೊಮ್ಮೆ ಕಂಡರಷ್ಟೇ ಒಪ್ಪುತ್ತಾರೆ. ದೂರದರ್ಶಕ ಅವನ ಪಾಲಿಗಿರುವುದು ಇವತ್ತೊಂದೇ ರಾತ್ರಿ. ನಾಳೆಯಿಂದ ಒಂದು ತಿಂಗಳು ಬೇರೆಯವರ ಸರದಿ, ಅಷ್ಟರಲ್ಲಿ ಕಲ್ಲು ಕಳೆದೇಹೋಗುತ್ತದೆ. ಇವತ್ತು ಎತ್ತ ನೋಡಬೇಕೆಂದು ಅಕ್ಕನೇ ಹೇಳಬೇಕು.

ಮಧ್ಯಾಹ್ನದ ಊಟವಾದ ಮೇಲೆ ನಿರ್ದೇಶಕರು ಬಂದು ಹಾಳೆ ನೋಡಿ ನಕ್ಕರು. "ಏನ್ ಮೇಡಂ, ನಿಮ್ಮ ಕಲ್ಲು ಗುರುಗ್ರಹನೂ ದಾಟಿ ಎಲ್ಲೋ ಹೊರಟಿದೆ! ಮೂರನೇ ಚುಕ್ಕೆ ಗಾಜಿನ ಕಲೆ ಇರ್ಬೇಕು. ಬಿಟ್ಬಿಡಿ."

"ಕಲೆ ಅಲ್ಲ ಸಾರ್. ಐದು ಗಂಟೆಗೆ ಜಾಗ ಹೇಳ್ತೀನಿ."

ಅವರು ಹೋದ ಮೇಲೆ ತಮ್ಮ ಮುಖ ಹುಳ್ಳಗೆ ಮಾಡಿಕೊಂಡ. "ಸಿಗದೇ ಹೋದ್ರೆ, ಅಕ್ಕ?"

"ಸುಮ್ನಿರೋ, ಅಪಶಕುನ ನುಡೀಬೇಡ."

ಅವಳು ಫಲಕಗಳನ್ನು ಮತ್ತೆ ಅಳೆದಳು. ಮೊದಲನೆಯದರಿಂದ ಎರಡನೆಯದಕ್ಕೆ ಚುಕ್ಕೆ ಎಷ್ಟು ಸರಿದಿತ್ತೋ ಎರಡನೆಯದರಿಂದ ಮೂರನೆಯದಕ್ಕೂ ಅಷ್ಟೇ. ದಾಖಲೆ ಪುಸ್ತಕದಲ್ಲಿದ್ದ ತಾರೀಖುಗಳು ಮಾತ್ರ ಎಂಟು, ಹತ್ತು, ಹದಿಮೂರು.

"ಎರಡು ದಿನಕ್ಕೆ ಇಷ್ಟು ನಡೆದಿದ್ದು ಮೂರು ದಿನಕ್ಕೂ ಇಷ್ಟೇನಾ? ಮಧ್ಯೆ ಒಂದಿನ ಕೂತು ಸುಧಾರಿಸ್ಕೊಳ್ತೇನೋ?" ಎಂದು ಗೊಣಗಿದವಳು ಹದಿಮೂರರ ಮೇಲೆ ಬೆರಳಿಟ್ಟು ನಿಂತುಬಿಟ್ಟಳು. "ಹದಿಮೂರು ಯಾವ ದಿನ ಕಣೋ?"

"ನನ್ನ ಮಗಳು ಹುಟ್ಟಿದ ದಿನ."

"ಆಸ್ಪತ್ರೆಯಿಂದ ನಾನು ಫೋನ್ ಮಾಡಿದಾಗ ಎಷ್ಟು ಗಂಟೆ?"

"ರಾತ್ರಿ ಹನ್ನೆರಡೂವರೆ. ಆಗಿನ್ನೂ ಫಲಕ ಯಂತ್ರದಲ್ಲೇ..." ತಮ್ಮ ಪುಸ್ತಕವನ್ನು ತನ್ನತ್ತ ಎಳೆದುಕೊಂಡ.

ದೂರದರ್ಶಕದ ಕೆಲಸದವರು ರಾತ್ರಿಯನ್ನು ನಡುವೆ ತುಂಡರಿಸುವುದಿಲ್ಲ. ಸಂಜೆಯ ತಾರೀಖೇ ಬೆಳಗಿನ ತನಕ ನಡೆಯುತ್ತದೆ, ಪುಸ್ತಕದಲ್ಲೂ ಅದನ್ನೇ ಬರೆಯುತ್ತಾರೆ.

"ಲೋ ಪೆದ್ದಪ್ಪ! ಊರಿಗೆಲ್ಲ ಹದಿಮೂರಾದ್ರೂ ನಿನ್ನ ಪುಸ್ತಕಕ್ಕೆ ಅದು ಹನ್ನೆರಡು! ಮಗಳು ಹುಟ್ಟಿದ ಖುಷೀಲಿ ಒಂದಿನ ಹಾರಿಸ್ಬಿಟ್ಯಲ್ಲೋ!"

"ಹತ್ತು ವರ್ಷದಲ್ಲಿ ಒಂದ್ಸಲಾನೂ ಹೀಗಾಗಿರಲಿಲ್ಲ ಅಕ್ಕ..."

"ಹತ್ತು ವರ್ಷದಲ್ಲಿ ಮಗಳೂ ಒಂದೇ ಸಲ ಹುಟ್ಟಿದ್ದು. ಅಳ್ಬೇಡ, ಅಂಕಿ ಓದು."

ಐದಕ್ಕೆ ಹತ್ತು ನಿಮಿಷವಿರುವಾಗ ಲೆಕ್ಕ ಮುಗಿಯಿತು. ದಾರಿ ತಪ್ಪಿದ್ದ ಕಲ್ಲು ತೆಪ್ಪಗೆ ಮಂಗಳ, ಗುರು ಗ್ರಹಗಳ ನಡುವಿನ ಕ್ಷುದ್ರಗ್ರಹಗಳ ಸಾಲಿಗೆ ಬಂದು ಕೂತಿತು. ಹೆಚ್ಚುಕಮ್ಮಿ ದುಂಡನೆಯ ಕಕ್ಷೆ, ಸ್ವಲ್ಪವೇ ಓರೆ. ಸೂರ್ಯನಿಗೆ ಒಂದು ಸುತ್ತು ಬರಲು ನಾಲ್ಕು ವರ್ಷ ಐದು ತಿಂಗಳು. ಅವಳು ಆ ರಾತ್ರಿ ನೋಡಬೇಕಾದ ಜಾಗ ಬರೆದು ಹಾಳೆಯನ್ನು ನಿರ್ದೇಶಕರ ಮೇಜಿನ ಮೇಲಿಟ್ಟಳು.

"ತಮ್ಮ ಅಂತ ವಹಿಸ್ಕೊಂಡು ಹೇಳ್ತಿಲ್ಲ ತಾನೆ?" ಎಂದರು ಅವರು.

"ತಮ್ಮನಿಗೋಸ್ಕರ ಸುಳ್ಳು ಹೇಳೋಳೇ ನಾನು, ಸಾರ್. ಆದ್ರೆ ಲೆಕ್ಕದಲ್ಲಲ್ಲ."

ಮರುದಿನ ಬೆಳಿಗ್ಗೆ ಅವಳು ಇನ್ನೂ ತಲೆ ಬಾಚಿಕೊಳ್ಳುತ್ತಿದ್ದಾಗಲೇ ತಮ್ಮ ಬಾಗಿಲಲ್ಲಿ ನಿಂತಿದ್ದ. ಕೈಯಲ್ಲಿ ರಾತ್ರಿ ತೆಗೆದ, ಬಟ್ಟೆ ಸುತ್ತಿದ ಫಲಕ, ಜೇಬಿನಲ್ಲಿ ಶೋಧದ ಅರ್ಜಿ. ಬಟ್ಟೆ ಬಿಚ್ಚಿ ಫಲಕವನ್ನು ಅವಳ ಕೈಗಿಟ್ಟ. ಅವಳು ಫಲಕವನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಹೇಳಿದ ಜಾಗದಲ್ಲೇ, ಎಳ್ಳಷ್ಟೂ ಆಚೀಚೆ ಇಲ್ಲದೆ, ಚುಕ್ಕೆ ಇತ್ತು. ಇಷ್ಟು ವರ್ಷದಲ್ಲಿ ಯಾವ ಕಲ್ಲಿಗೂ ಅವಳು ಇಷ್ಟು ಸಂತೋಷಪಟ್ಟಿರಲಿಲ್ಲ.

"ಅರ್ಜೀಲಿ ನಿನ್ನ ಹೆಸರು ಹಾಕು ಅಕ್ಕ," ಎಂದ ತಮ್ಮ.

"ಕಂಡೋನು ನೀನು."

"ಕಳ್ಕೊಳ್ತಿದ್ದೋನೂ ನಾನೇ."

"ಅದಕ್ಕೇ ಕಣೋ ಅಕ್ಕ ಅಂತ ಒಬ್ಬಳು ಇರೋದು," ಎಂದು ಅವಳು ಅರ್ಜಿ ಕಿತ್ತುಕೊಂಡು, ಶೋಧಿಸಿದವರು ಎಂಬಲ್ಲಿ ಅವನ ಹೆಸರನ್ನು ದಪ್ಪ ಅಕ್ಷರದಲ್ಲಿ ತಾನೇ ಬರೆದಳು.