ಆರು ಬೆರಳಿನ ಕಾರು

ಅಲ್ಲ, ರಸ್ತೆಗೆ ಹಂಪ್ಸ್ ಹಾಕುವುದೇ ತಪ್ಪು ಎಂದು ಯಾರೂ ಹೇಳಲಿಲ್ಲ. ಶಾಲೆಯ ಮುಂದೆ ಹಾಕಲಿ, ಆಸ್ಪತ್ರೆಯ ಮುಂದೆ ಹಾಕಲಿ. ಆದರೆ ಒಬ್ಬಳ ಮನೆಯ ಗೇಟಿನ ಎದುರಿಗೇ, ಅವಳ ಕಾರು ಹೊರಗೆ ಬರಲೇಬಾರದು ಎಂಬಂತೆ, ದರ್ಜಿಗೆ ಅಳತೆ ಕೊಟ್ಟು ಹೊಲಿಸಿದ ಹಾಗೆ ಹಾಕಿಸಿದರೆ ಅದಕ್ಕೆ ಏನೆನ್ನಬೇಕು ಹೇಳಿ? ಗುರುವಾರ ಸಂಜೆ ಸಂಘಮಿತ್ರಾ ಶಿಕಾರಿಪುರದ ಬಸ್ಸಿಳಿದು ಮನೆಗೆ ಬಂದಾಗ ಸಿಮೆಂಟು ಇನ್ನೂ ಹಸಿಯಾಗಿತ್ತು. ಒದ್ದೆ ಗೋಣಿಚೀಲ ಹೊದಿಸಿ ಎರಡೂ ತುದಿಗೆ ಕಲ್ಲು ಹೇರಿದ್ದರು. ಅವಳು ಚೀಲ ಸರಿಸಿ, ಕುಕ್ಕರುಗಾಲಲ್ಲಿ ಕೂತು, ಬೆರಳು ಜೋಡಿಸಿ ಅಳೆದಳು. ಹತ್ತು ಬೆರಳು ಎತ್ತರವಿತ್ತು. ಅವಳ ಕಾರಿನ ಹೊಟ್ಟೆಗೂ ನೆಲಕ್ಕೂ ಇದ್ದದ್ದು ಆರೇ ಬೆರಳು.

"ಯಾರಪ್ಪಾ ಹಾಕ್ಸಿದ್ದು ಇದನ್ನ?"

ಅಪ್ಪ ಉಚ್ಚಂಗಪ್ಪ ಮೆಟ್ಟಿಲ ಮೇಲೆ ಕೂತು ದನದ ಹಗ್ಗ ಹೊಸೆಯುತ್ತಿದ್ದ. ತಲೆ ಎತ್ತಲಿಲ್ಲ. "ಶಿವಮೂರ್ತಪ್ಪ ಗೌಡ್ರೇ ಮುಂದೆ ನಿಂತು ಹಾಕ್ಸಿದ್ರವ್ವಾ. ನೀನು ಭಾಳ ಸ್ಪೀಡಾಗಿ ಹೋಗ್ತೀಯಂತೆ. ಸುಮ್ನಿರು, ಜಗಳ ಬ್ಯಾಡ."

ಸ್ಪೀಡು! ಆ ಮಾತು ಕೇಳಿದ್ದೇ ಅವಳ ಮೈಯೆಲ್ಲ ಉರಿದುಹೋಯಿತು.

ಆ ಕಾರಿನ ಕಥೆ ಗೊತ್ತಿದ್ದವರಿಗೆ ಅವಳ ಸಿಟ್ಟೂ ಗೊತ್ತಾಗುತ್ತದೆ. ಸಂಘಮಿತ್ರಾ ಶಿಕಾರಿಪುರದ ಐಟಿಐಯಲ್ಲಿ ಮೋಟಾರ್ ಮೆಕ್ಯಾನಿಕ್ ಕಲಿಸುವ ಮೇಡಂ. ಎರಡೂವರೆ ವರ್ಷದ ಹಿಂದೆ ಹುಬ್ಬಳ್ಳಿಯ ಒಂದು ಗ್ಯಾರೇಜಿನ ಮೂಲೆಯಲ್ಲಿ, ಹರಿದ ತಾಡಪಾಲಿನ ಕೆಳಗೆ, ಈ ಕೆಂಪು ಕಾರನ್ನು ಕಂಡಳು. ಜಪಾನಿನದು, ಎರಡು ಬಾಗಿಲು, ಎರಡೇ ಸೀಟು, ಹದಿನೇಳು ವರ್ಷ ಹಳೆಯದು. ಮೊದಲಿನ ಯಜಮಾನ ಸಮುದ್ರದ ದಂಡೆಯಲ್ಲಿ ಓಡಿಸಿದ್ದಕ್ಕೆ ತಳವನ್ನೆಲ್ಲ ಉಪ್ಪು ತಿಂದಿತ್ತು. ಡ್ಯಾಶ್‌ಬೋರ್ಡಿನ ಒಳಗೆ ಇಲಿ ಮರಿ ಹಾಕಿತ್ತು. ಬೇರೆಯವರಾದರೆ ಗುಜರಿಗೆ ಎಂದು ಬಿಟ್ಟು ಬರುತ್ತಿದ್ದರು. ಇವಳು ಲಾರಿಗೆ ಹೇರಿಸಿಕೊಂಡು ಊರಿಗೆ ತಂದಳು.

ಆಮೇಲಿನ ಎರಡು ವರ್ಷ ಭಾನುವಾರ ಎಂದರೆ ಕಾರು, ಹಬ್ಬ ಎಂದರೆ ಕಾರು. ಕ್ಲಚ್ ಪ್ಲೇಟು ಕೊಯಮತ್ತೂರಿನಿಂದ ಬರಬೇಕಾಯಿತು. ಆ ಸೈಜಿನ ಟಯರು ಸಿಗಲು ಎರಡು ತಿಂಗಳು ಕಾದಳು. ಕಾರಿನ ತಲೆಗಿದ್ದ ಹರಿದ ಬಟ್ಟೆಯ ಹೊದಿಕೆಯನ್ನು ಪೇಟೆಯಲ್ಲಿ ಲಾರಿಗೆ ತಾಡಪಾಲು ಹೊಲಿಯುವವನ ಪಕ್ಕದಲ್ಲೇ ಕೂತು ಹೊಲಿಸಿದಳು. ಇಂಜಿನ್ ಆಯಿಲ್ ನಿಲ್ಲುವ ಸಂಪು ಕಲ್ಲಿಗೆ ತಾಗಿ ಒಡೆಯಬಾರದೆಂದು ಕೆಳಗೆ ಕಬ್ಬಿಣದ ತಗಡು ಕಟ್ಟಿದಳು. ಏಳು ಬೆರಳಿದ್ದದ್ದು ಆರಾದದ್ದು ಹಾಗೆ. ಅವ್ವ ಹುಲಿಯಮ್ಮ ಶಾಲೆಯ ಮುಖ ಕಂಡವಳಲ್ಲ. ಮಗಳು ಕಾರಿನಡಿ ಮಲಗಿದಾಗ ಪಕ್ಕದಲ್ಲಿ ಕೂತು, "ಹನ್ನೆರಡರದ್ದಾ, ಹದಿನಾಲ್ಕರದ್ದಾ?" ಎಂದು ಕೇಳಿ ಸ್ಪ್ಯಾನರ್ ಕೊಡುತ್ತ ಕೊಡುತ್ತ ಅಂಕಿ ಓದುವುದನ್ನು ಕಲಿತುಬಿಟ್ಟಳು. ಅಪ್ಪ ಮಾತ್ರ ದೂರ ನಿಂತು, "ಇಬ್ರು ಕೂರೋಕೆ ನಾಲ್ಕು ಗಾಲಿ ಯಾಕವ್ವಾ, ಎರಡು ಸಾಕಿತ್ತಲ್ಲ" ಎಂದು ನಗುತ್ತಿದ್ದ.

ಕಾರು ಓಡಲು ಶುರುವಾದ ಮೇಲೆ ಬೇರೆ ಕಾಟ. ಪೆಟ್ರೋಲ್ ಬಂಕಿನಲ್ಲಿ ನಿಲ್ಲಿಸಿದರೆ, "ಓನರ್ ಎಲ್ಲವ್ರೆ ಮೇಡಂ?" ಶಿರಾಳಕೊಪ್ಪದಲ್ಲಿ ಎಳನೀರಿಗೆ ನಿಂತರೆ, "ಯಾರ ಕಾರ್ರೀ ಇದು?" ನನ್ನದು ಎಂದರೆ ಹಿಂದೆ ತಿರುಗಿ ಯಾರಾದರೂ ಗಂಡಸು ಬರುತ್ತಿದ್ದಾನೋ ಎಂದು ನೋಡುವವರು. ರಿಪೇರಿ ನಾನೇ ಮಾಡಿದ್ದು ಎಂದರೆ, "ಅದಲ್ರೀ, ನಿಜವಾಗ್ಲೂ ಮಾಡಿದ್ಯಾರು?" ಎನ್ನುವವರು. ಇವರಿಗೆಲ್ಲ ಉತ್ತರ ಕೊಟ್ಟು ಕೊಟ್ಟು ಅವಳ ನಾಲಿಗೆ ಸವೆದಿತ್ತು.

ಇನ್ನು ಸ್ಪೀಡು! ಅವಳು ಒಂದು ದಿನವೂ ನಲವತ್ತು ದಾಟಿದವಳಲ್ಲ. ದಾಟುವುದು ಹೇಗೆ? ಅಂಬ್ಲಿಗೊಳದ ನಾಲೆ ದಾಟಿದರೆ ಗುಂಡಿ, ಗುಂಡಿ ಮುಗಿದರೆ ಮೂರು ಬೆರಳಿನ ಹಂಪ್ಸ್, ಹಂಪ್ಸ್ ಮುಗಿದರೆ ಅರ್ಧ ರಸ್ತೆಗೆ ಒಣಹಾಕಿದ ಮೆಕ್ಕೆಜೋಳ. ಎತ್ತಿನ ಗಾಡಿಯ ಹಿಂದೆ ಕಾದು ಹೋಗುವ ಕಾರು ಅದು. ಸೈಲೆನ್ಸರಿನ ಸದ್ದು ಮಾತ್ರ ಸ್ವಲ್ಪ ಜೋರು. ಕೆಂಪು ಬಣ್ಣ, ತಗ್ಗು ಮೈ, ಗುರ್ ಎನ್ನುವ ಸದ್ದು, ಸಾಕಲ್ಲ ಊರಿಗೆ! ಗೌಡರ ತಮ್ಮನ ಮಗ ನಾಗೇಶನ ಪಿಕಪ್ಪು ದಿನಾ ಎಂಬತ್ತರಲ್ಲಿ ಹಾರಿ ಎರಡು ಕೋಳಿ, ಒಂದು ನಾಯಿ ಕೊಂದಿತ್ತು. ಅವನ ಮನೆ ಮುಂದೆ ಒಂದು ಹಿಡಿ ಸಿಮೆಂಟು ಬಿದ್ದಿರಲಿಲ್ಲ.

ಅವಳ ಸಿಟ್ಟಿಗೆ ಇನ್ನೊಂದು ಕಾರಣವಿತ್ತು. ಅವ್ವ ಎರಡು ವರ್ಷ ಸ್ಪ್ಯಾನರ್ ಎತ್ತಿಕೊಟ್ಟವಳು ಕೇಳಿದ್ದು ಒಂದೇ ಒಂದು. "ಜಡೆಗೆ ಹೋಗಿ, ನಮ್ಮಣ್ಣನ ಬಾಗ್ಲ ಮುಂದೆ ನಾನು ಇದ್ರಿಂದ ಇಳೀಬೇಕು. ಅಷ್ಟೇ ಕಣವ್ವಾ." ಜಡೆ ಅವ್ವನ ತವರು. ಮುಂದಿನ ವಾರದ ಭಾನುವಾರಕ್ಕೆ ಹೊರಡುವುದೆಂದು ಗೊತ್ತು ಮಾಡಿ, ಅವ್ವ ಅಣ್ಣನಿಗೆ ಫೋನೂ ಮಾಡಿಯಾಗಿತ್ತು. ಈಗ ಕಾರು ಮನೆಯ ಅಂಗಳದಿಂದ ಹೊರಗೆ ಹೋಗುವಂತಿಲ್ಲ.

ಮಾರನೆಯ ದಿನ ಬೆಳಿಗ್ಗೆ ಹಾಲಿನ ಡೈರಿಯ ಮುಂದೆ ಗೌಡರು ಸಿಕ್ಕರು. ಪಂಚಾಯ್ತಿ ಮೆಂಬರು, ಬಿಳಿ ಅಂಗಿ, ಕೈಯಲ್ಲಿ ಮೊಬೈಲು. ಅವಳ ಮನೆಯಿಂದ ಡೈರಿ ನಾಲ್ಕು ಹೆಜ್ಜೆ.

"ಗೌಡ್ರೇ, ನಾನು ಸ್ಪೀಡಾಗಿ ಹೋಗಿದ್ದು ನೋಡಿದ್ದು ಯಾರು?"

"ನೋಡೋದೇನವ್ವಾ, ಕೇಳಿಸ್ತದಲ್ಲ. ರೇಸಿನ ಕಾರು ಅದು. ಹಳ್ಳಿ ರಸ್ತೆಗೆ ತರೋದಾ?"

"ಒಂದ್ಸಲ ಪಕ್ಕದಾಗೆ ಕೂತು ನೋಡ್ರಿ. ನಲವತ್ತು ದಾಟಿದ್ರೆ ಕಾರು ಮಾರಿಬಿಡ್ತೀನಿ. ದಾಟದಿದ್ರೆ ಹಂಪ್ಸ್ ಒಡಸ್ತೀರಾ?"

ಡೈರಿಗೆ ಬಂದವರೆಲ್ಲ ಕ್ಯಾನು ಕೆಳಗಿಟ್ಟು ಕೇಳುತ್ತಿದ್ದರು. ಗೌಡರು ಒಮ್ಮೆ ಅವರೆಲ್ಲರ ಕಡೆ ನೋಡಿದರು. "ಆಗ್ಲಿ. ನಾಳೆ ಸೊರಬಕ್ಕೆ, ಬೀಗರ ಮನೆಗೆ ಹೋಗೋದೈತೆ. ಅಲ್ಲೀತನ ಬಿಡು. ನೀನು ಸರಿಯಾಗಿ ಓಡ್ಸಿದ್ರೆ ಸೋಮವಾರ ನಾನೇ ನಿಂತು ಒಡಸ್ತೀನಿ."

ಶನಿವಾರ ರಜೆ ಹಾಕಿದಳು. ಯಾರದೋ ಮನೆ ಕಟ್ಟುವಲ್ಲಿಂದ ನಾಲ್ಕು ಸೆಂಟ್ರಿಂಗ್ ಹಲಗೆ ತಂದು, ಚಕ್ರ ಮೊದಲೇ ಎತ್ತರಕ್ಕೇರಲಿ ಎಂದು ಹಂಪ್ಸಿನ ಎರಡೂ ಕಡೆ ಇಟ್ಟು, ಅಪ್ಪ ದಾರಿ ತೋರಿಸುತ್ತಿದ್ದಂತೆ ಕಾರು ದಾಟಿಸಿದಳು. ಒಂದು ಹಲಗೆ ಪಟ್ ಎಂದು ಸೀಳಿತು. ಗೌಡರು ಆಚೆ ನಿಂತು, "ನಿಧಾನ, ನಿಧಾನ" ಎಂದು ಉಪದೇಶ ಮಾಡುತ್ತಿದ್ದರು.

ಸೊರಬಕ್ಕೆ ನಲವತ್ತು ಕಿಲೋಮೀಟರು ದಾರಿ. ಅವಳು ಮೂವತ್ತೈದರ ಮುಂದೆ ಮುಳ್ಳು ಹೋಗಗೊಡಲಿಲ್ಲ. ಶಿರಾಳಕೊಪ್ಪ ದಾಟುವಷ್ಟರಲ್ಲಿ ಗೌಡರೇ ಬೇಸತ್ತು, "ಸ್ವಲ್ಪ ಒತ್ತವ್ವಾ, ಊಟಕ್ಕೆ ಹೊತ್ತಾಗ್ತದೆ" ಎಂದರು. ಕಿಟಕಿ ಇಳಿಸಿ, ಮೊಣಕೈ ಹೊರಗಿಟ್ಟು, ಗುರುತಿನವರು ಕಂಡಲ್ಲೆಲ್ಲ ಕೈ ಬೀಸತೊಡಗಿದರು. ಬೀಸಲಿ ಬಿಡು, ಸೋಮವಾರ ಹಂಪ್ಸ್ ಹೋದರೆ ಸಾಕು ಎಂದುಕೊಂಡಳು.

ಸೊರಬದಲ್ಲಿ ಬೀಗರು ಆನಂದಪ್ಪ ಗೇಟಿಗೇ ಓಡಿಬಂದರು. ಕಾರಿನ ಸುತ್ತ ಒಂದು ಸುತ್ತು ಹಾಕಿದರು. "ಎಂತ ಮಾರಾಯ್ರೆ ಗೌಡ್ರೇ! ಒಂದು ಮಾತೂ ಹೇಳ್ದೆ ಇಂಥಾ ಕಾರ್ ತಗಂಡ್ಬಿಟ್ರಲ್ಲ! ಯಾವಾಗ?"

ಸಂಘಮಿತ್ರಾ ಗೌಡರ ಮುಖ ನೋಡಿದಳು. ಗೌಡರು ಅವಳನ್ನು ಒಂದು ಸಲ ನೋಡಿ, ಆಚೆ ನೋಡಿದರು. "ಹೂಂ... ಮೊನ್ನೆ ಮೊನ್ನೆ" ಎಂದರು.

"ಡ್ರೈವರೂ ಹೆಂಗ್ಸೇ! ಭಾರೀ ಆತಲ್ಲ ಮಾರಾಯ್ರೆ!"

ಇಬ್ಬರೂ ನಗುತ್ತ ಒಳಗೆ ಹೋದರು. ಅವಳನ್ನು ಒಳಗೆ ಬಾ ಎನ್ನಲಿಲ್ಲ. ಕಾಫಿ ಗೇಟಿನ ಹತ್ತಿರಕ್ಕೇ ಬಂತು, ಪೇಪರ್ ಲೋಟದಲ್ಲಿ. ಒಳಗೆ ಸ್ಟೀಲ್ ಲೋಟಗಳ ಸದ್ದು ಕೇಳುತ್ತಿತ್ತು. ಅವಳು ಲೋಟ ಹಿಡಿದು ಬಿಸಿಲಲ್ಲಿ ನಿಂತಳು. ಈಗ ಬಾಯಿ ಬಿಟ್ಟರೆ ಹಂಪ್ಸ್ ಅಲ್ಲೇ ಉಳಿಯುತ್ತದೆ, ಅವ್ವ ಜಡೆ ನೋಡುವುದಿಲ್ಲ. ಬಿಡದಿದ್ದರೆ ಈ ಕಾರು ಈ ಮನೆಯಲ್ಲಿ ಎಂದೆಂದಿಗೂ ಗೌಡರದ್ದು. ಸುಮ್ಮನಿರು ಎಂದು ಅಪ್ಪ ಹೇಳಿದ್ದು ಎಷ್ಟನೇ ಸಲವೋ. ಕಾಫಿ ಆರಿ ಕೆನೆಗಟ್ಟಿತು.

ಊಟ ಮುಗಿಸಿ ಎಲ್ಲರೂ ಹೊರಗೆ ಬಂದರು. ಗೌಡರ ಮಗಳು ನಾಗವೇಣಿ ಮೊಬೈಲು ಹಿಡಿದು, "ಅಪ್ಪಾ, ಕಾರಿನ್ ಜೊತಿಗೆ ಒಂದ್ ಫೋಟೋ" ಎಂದಳು. ಗೌಡರು ಅಂಗಿ ಎಳೆದುಕೊಂಡು ಬಾನೆಟ್ ಮೇಲೆ ಅಂಗೈ ಊರಿ ನಿಂತರು. ಕಾರಿನ ಇನ್ನೊಂದು ಪಕ್ಕದಲ್ಲಿ ಸಂಘಮಿತ್ರಾ ಇದ್ದಳು.

"ಸ್ವಲ್ಪ ಆ ಕಡೆ ಸರಿಯವ್ವಾ. ಫೋಟೋದಾಗೆ ಬರ್ತೀಯ" ಎಂದರು ಗೌಡರು.

ಪಿತ್ತ ನೆತ್ತಿಗೇರಿತು. ಹಂಪ್ಸೂ ಇಲ್ಲ, ಸೋಮವಾರವೂ ಇಲ್ಲ.

"ಕೈ ತೆಗೀರಿ ಗೌಡ್ರೇ."

"ಏನಂದಿ?"

"ಬಾನೆಟ್ ಮೇಲಿಂದ ಕೈ ತೆಗೀರಿ. ಇದು ನನ್ ಕಾರು. ದುಡ್ಡು ನಂದು, ಇಂಜಿನ್ ಇಳ್ಸಿ ಏರ್ಸಿದ್ದು ನಾನು, ತುಕ್ಕು ಉಜ್ಜಿದ್ದು ನಮ್ಮವ್ವ. ನಿಮ್ಗೆ ಇದ್ರ ಡಿಕ್ಕಿ ಮುಂದೈತೋ ಹಿಂದೈತೋ ಗೊತ್ತೇನ್ರೀ? ಯಾವಾಗ ತಗಂಡ್ರಿ ಅಂತ ಕೇಳಿದ್ರಲ್ಲ, ಈಗ ಹೇಳ್ರಿ ಅವ್ರಿಗೆ!"

ಆನಂದಪ್ಪ ಗೌಡರ ಮುಖ ನೋಡಿದರು. ನಾಗವೇಣಿ ಮೊಬೈಲು ಇಳಿಸಿದಳು. ಗೌಡರು ಕೆಂಪಗಾಗಿ, "ಅದೇನು ಮಹಾ ಮಾತು, ತಮಾಷಿಗಂದ್ನಪ್ಪ" ಎಂದರು. ಸಂಘಮಿತ್ರಾ ಆರಿದ ಕಾಫಿಯನ್ನು ಗೇಟಿನ ಕಂಬದ ಮೇಲಿಟ್ಟು, ಕಾರು ಹತ್ತಿ, ಒಬ್ಬಳೇ ಹೊರಟುಹೋದಳು. ಮನೆಯ ಗೇಟಿನಲ್ಲಿ ಕಾರು ಒಳಗೆ ಸೇರುವಷ್ಟರಲ್ಲಿ ಉಳಿದ ಹಲಗೆಗಳೂ ಸೀಳಿದವು. ಗೌಡರು ಸಂಜೆ ಬಸ್ಸಿಗೆ ಬಂದರಂತೆ, ಶಿರಾಳಕೊಪ್ಪದ ತನಕ ನಿಂತುಕೊಂಡೇ.

ಸೋಮವಾರ ಹಂಪ್ಸ್ ಒಡೆಯಲಿಲ್ಲ. ಒಡೆಯುವ ಬದಲು ಅದಕ್ಕೆ ಬಿಳಿ ಪಟ್ಟೆ ಬಳಿಸಿದರು! ಅದೂ ಅವಳು ಕೆಲಸಕ್ಕೆ ಹೋಗುವ ಹೊತ್ತಿಗೆ ಸರಿಯಾಗಿ. ಅಪ್ಪ ಎರಡು ದಿನ ಮಾತೇ ಆಡಲಿಲ್ಲ. ಮೂರನೆಯ ದಿನ, "ಬಾಯಿ ಮುಚ್ಕಂಡಿದ್ರೆ ಆಗ್ತಿತ್ತಲ್ಲವ್ವಾ. ನಾವು ಇದೇ ಊರಾಗೆ ಬಾಳ್ಬೇಕು" ಎಂದ.

"ಆ ಫೋಟೋದಿಂದ ಆಚೆ ಸರಿ ಅಂದ್ರಪ್ಪಾ ನನಗೆ. ನನ್ ಕಾರಿನ ಫೋಟೋದಿಂದ" ಎಂದಳು. ಉಚ್ಚಂಗಪ್ಪ ಹಿತ್ತಲಿಗೆ ಹೋಗಿ ಹಳೆಯ ಟ್ರೇಲರಿನ ಕಬ್ಬಿಣದ ಪಟ್ಟಿಗಳನ್ನು ಒಂದೊಂದಾಗಿ ಹೊತ್ತು ತಂದು ಮಗಳ ವೆಲ್ಡಿಂಗ್ ಮೆಶಿನ್ನಿನ ಹತ್ತಿರ ಹಾಕಿದ.

ಶನಿವಾರದ ಹೊತ್ತಿಗೆ ನಾಲ್ಕು ಕಬ್ಬಿಣದ ಹಲಗೆ ಸಿದ್ಧವಾದವು. ಅವುಗಳ ಒಂದೇ ತೊಂದರೆ ಎಂದರೆ, ಆ ಪುಟ್ಟ ಡಿಕ್ಕಿಯಲ್ಲಿ ಒಂದೂ ಹಿಡಿಸುವುದಿಲ್ಲ. ಕಾರು ಹೋದ ಮೇಲೆ ಯಾರಾದರೂ ಎತ್ತಿಡಬೇಕು, ಬಂದಾಗ ಮತ್ತೆ ಹಾಕಬೇಕು.

ಭಾನುವಾರ ಬೆಳಿಗ್ಗೆ ಡೈರಿಗೆ ಜನ ಬರುವ ಹೊತ್ತಿಗೇ ಅವಳು ಕಾರು ತೆಗೆದಳು. ಬೇಕೆಂದೇ. ಹುಲಿಯಮ್ಮ ಹಸಿರು ಇಳಕಲ್ ಸೀರೆ ಉಟ್ಟು, ಅಣ್ಣನಿಗೆಂದು ಮಾಡಿದ ರೊಟ್ಟಿಯ ಗಂಟು ತೊಡೆಯ ಮೇಲಿಟ್ಟುಕೊಂಡು ಕೂತಳು. ಉಚ್ಚಂಗಪ್ಪ ಹಲಗೆ ಹೊಂದಿಸಿದ. ಮುಂದಿನ ಚಕ್ರ ಏರಿತು, ಇಳಿಯಿತು. ಹಿಂದಿನ ಚಕ್ರ ಏರಿತು, ಇಳಿಯಿತು. ಹೊಟ್ಟೆ ಎಲ್ಲಿಯೂ ತಾಗಲಿಲ್ಲ.

ಅಪ್ಪ ಹಲಗೆ ಎತ್ತಲಿ ಎಂದು ಸಂಘಮಿತ್ರಾ ಕಾರು ನಿಲ್ಲಿಸಿ ಕನ್ನಡಿಯಲ್ಲಿ ನೋಡುತ್ತಿದ್ದಳು. ಡೈರಿಯ ಕಟ್ಟೆಯಿಂದ ಶಿವಮೂರ್ತಪ್ಪ ಗೌಡರ ದನಿ ಬಂತು.

"ಏಯ್ ಉಚ್ಚಂಗಾ, ಏನೋ ಅದು ರಸ್ತೆ ಮೇಲೆ? ಯಾರ್ ಗಾಡಿಗೆ ಹಾಕೀಯೋ ಅದನ್ನ? ತೆಗಿ, ಜನ ಓಡಾಡ್ಬೇಕು!"

ಉಚ್ಚಂಗಪ್ಪ ಬಗ್ಗಿ ಹಲಗೆಗೆ ಕೈ ಹಾಕಿದ್ದವನು ಹಾಗೇ ನಿಂತ. ಅರವತ್ತು ವರ್ಷ ಆ ಮನೆತನದ ದನಿಗೆ ಹೂಂ ಎಂದವನು. ಕನ್ನಡಿಯಲ್ಲಿ ಅವನು ಮೆಲ್ಲಗೆ ನೆಟ್ಟಗಾಗಿ, ಕೈಯ ತುಕ್ಕನ್ನು ಪಂಚೆಗೆ ಒರೆಸಿಕೊಂಡಿದ್ದು ಅವಳಿಗೆ ಕಂಡಿತು.

"ನನ್ ಮಗಳ ಕಾರಿಗೆ, ಗೌಡ್ರೇ. ಅವ್ರವ್ವನ್ನ ಜಡೆಗೆ ಕರ್ಕಂಡು ಹೊಂಟವ್ಳೆ. ಸಂಜೀಗೆ ಬರ್ತಾಳೆ. ಅಲ್ಲೀತನ ಇಲ್ಲೇ ಇರ್ಲಿ."

ಹೇಳಿದವನು ಹಲಗೆಯನ್ನು ಇದ್ದಲ್ಲೇ ಬಿಟ್ಟು, ಗೇಟಿನ ಮೆಟ್ಟಿಲ ಮೇಲೆ ಕೂತು ಬೀಡಿ ಹಚ್ಚಿದ.